ಮಿಂಚುಮಣೆಗೆ ಕೈಪಿಡಿ ಬರೆದವನು

ಹೊನ್ನಗುಂಡಿಯ ಅರಸ ಇರಿವಮಲ್ಲ ಊರೂರಿಗೆ ಡಂಗುರ ಹೊಡೆಸಿದ: “ಅರಮನೆಯ ಮಿಂಚುಮಣೆಗೆ ಕೈಪಿಡಿ ಬರೆಯುವವರು ಬೇಕಾಗಿದ್ದಾರೆ. ಬರೆಯಬಯಸುವವರು ಮೊದಲು ರಾಜಕುಮಾರಿ ಪದ್ಮಲೆಯ ಮೂರು ಒಗಟು ಬಿಡಿಸಬೇಕು. ಗೆದ್ದವರಿಗೆ ಬೇಡಿದ್ದು ಸಿಗುವುದು. ತಪ್ಪಿದವರ ತಲೆ ಅಮಾವಾಸ್ಯೆಯ ದಿನ ಉರುಳುವುದು.”

ಮಿಂಚುಮಣೆ ಎಂದರೆ ಗೋಡೆಯಷ್ಟು ದೊಡ್ಡ ಚದುರಂಗದ ಹಾಸು. ದೂರದೇಶದಲ್ಲಿ ಯಾರಾದರೂ ಕಾಯಿ ನಡೆಸಿದರೆ ಅದೇ ಕ್ಷಣದಲ್ಲಿ ಇಲ್ಲಿಯೂ ಕಾಯಿ ನಡೆಯುತ್ತಿತ್ತು. ಕೆಳಗಿನ ಪಟ್ಟಿಯಲ್ಲಿ ಆ ನಡೆಯ ಹೆಸರು ಒಂದು ಸಾಲಾಗಿ ಮೂಡುತ್ತಿತ್ತು. ನೋಡಲೂಬಹುದು, ಆಡಲೂಬಹುದು. ಪಕ್ಕದ ತೂತಿಗೆ ಬೆಣೆ ಹಾಕಿದರೆ ಮಣೆ ಬೆಳಗುತ್ತಿತ್ತು, ಕಿತ್ತರೆ ಆರುತ್ತಿತ್ತು. ಅದರೊಳಗಿನ ತಂತ್ರ ಹೆಣೆದ ಮುದುಕ ನಾಗದೇವ, ತಾನು ಎತ್ತಿ ಆಡಿಸಿದ ರಾಜಕುಮಾರಿಗೆ ಮೂರು ಒಗಟು ಹೇಳಿಕೊಟ್ಟದ್ದು ಬಿಟ್ಟರೆ, ಏನನ್ನೂ ಬರೆದಿಡದೆ ತೀರಿಕೊಂಡಿದ್ದ. ಆಮೇಲೆ ಯಾರೋ ಅರ್ಧ ತಿಳಿದು ಒಂದು ಕೈಪಿಡಿ ಬರೆದರು. ‘ಸಾಲು ಮೂಡದಿದ್ದರೆ ಬೆಣೆ ಕಿತ್ತು ಮತ್ತೆ ಹಾಕಿ’ ಎಂದು ಅದರಲ್ಲಿತ್ತು. ಅರಸ ನೆರೆರಾಜನೊಡನೆ ಆಡುತ್ತಿದ್ದ ದಿನ ಆ ರಾಜ ಒಂದು ನಡೆಗೆ ಬಹಳ ಹೊತ್ತು ಯೋಚಿಸಿದ. ಮಣೆ ಕೆಟ್ಟಿತೆಂದು ಕಾವಲಿನವ ಬೆಣೆ ಕಿತ್ತ. ಆಟ ನಡುವೆಯೇ ಕಡಿದುಹೋಯಿತು. ತನ್ನನ್ನು ಅವಮಾನಿಸಲೆಂದೇ ಅರಸ ಎದ್ದುಹೋದನೆಂದು ನೆರೆರಾಜ ಗಡಿಗೆ ಸೈನ್ಯ ತಂದ. ಮೂರು ತಿಂಗಳ ಸಂಧಾನದ ನಂತರ ಸೈನ್ಯ ಹಿಂದಿರುಗಿತು. ಅಂದಿನಿಂದ ತಪ್ಪು ಬರೆಯುವ ಕೈ ಅರಸನಿಗೆ ಶತ್ರುವಿನ ಕೈಯಾಗಿ ಕಂಡಿತು.

ಮೊದಲು ಬಂದವನು ಆಸ್ಥಾನದ ಜ್ಯೋತಿಷಿ. ರಾಜಕುಮಾರಿ ಕೇಳಿದಳು: “ಬರಿಗೈಯಲ್ಲಿ ಬರುತ್ತಾನೆ, ಮಾತಾಡದೆ ಹೋಗುತ್ತಾನೆ. ಬಂದಾಗ ಯಾರೂ ಅವನತ್ತ ನೋಡುವುದಿಲ್ಲ. ಬರದಿದ್ದರೆ ಮನೆಮಂದಿಗೆಲ್ಲ ದಿಗಿಲು. ಯಾರು?”

“ಸಾವು” ಎಂದ ಜ್ಯೋತಿಷಿ.

“ಸಾವು ಬರಲಿಲ್ಲವೆಂದು ಯಾವ ಮನೆ ದಿಗಿಲುಪಟ್ಟಿದೆ, ಶಾಸ್ತ್ರಿಗಳೇ?” ಎಂದಳು ಆಕೆ. ಭಟರು ಅವನನ್ನು ಕರೆದೊಯ್ದರು.

ಎರಡನೆಯವನು ಅರಮನೆಯ ಓಲೆ ಬರೆಯುವ ರೇಚಣ್ಣ. ಅಕ್ಷರ ಮುತ್ತಿನಂತೆ, ಜಂಬವೂ ಅಷ್ಟೇ. ಅದೇ ಒಗಟಿಗೆ ‘ಭಿಕ್ಷುಕ’ ಎಂದ. ಅವನೂ ಸೆರೆಮನೆ ಸೇರಿದ.

ರೇಚಣ್ಣನ ಹೆಂಡತಿ ತಾಯಮ್ಮನಿಗೆ ಜವರ ಎಂಬ ತಮ್ಮನಿದ್ದ. ಮಣೆಯ ಹಜಾರ ಗುಡಿಸಿ ಒರೆಸುವುದು ಅವನ ಕೆಲಸ. ಅಕ್ಕ ಕಲಿಸಿದಷ್ಟು ಅಕ್ಷರ ಬರುತ್ತಿತ್ತು. ಅಮಾವಾಸ್ಯೆಗೆ ನಾಲ್ಕು ದಿನವಿತ್ತು. ಅಕ್ಕ ಮೂರು ದಿನದಿಂದ ಒಲೆ ಹಚ್ಚಿರಲಿಲ್ಲ. ಜವರ ಕಸಬರಿಗೆ ಮೂಲೆಗಿಟ್ಟು ರಾಜಕುಮಾರಿಯ ಮುಂದೆ ನಿಂತ.

“ನೀನೂ ಬಂದೆಯಾ? ನೆಲ ಯಾರು ಒರೆಸುತ್ತಾರೆ?” ಎಂದ ಅರಸ.

“ಒರೆಸಿಯೇ ಬಂದಿದ್ದೇನೆ, ಬುದ್ಧಿ.”

ಮೊದಲ ಒಗಟು ಕೇಳಿ ಜವರ ಹೇಳಿದ: “ಅದು ಖಾಲಿ ಸಾಲು, ಅಮ್ಮಣ್ಣಿ. ಆಡುವವರು ಯೋಚಿಸುತ್ತಿರುವಾಗ ನಡೆ ಬರುವುದಿಲ್ಲ. ಆದರೆ ಏಳೇಳು ಉಸಿರಿಗೊಮ್ಮೆ ಪಟ್ಟಿ ಮಿನುಗಿ, ಅಕ್ಷರವಿಲ್ಲದ ಸಾಲೊಂದು ಬಂದು ಹೋಗುತ್ತದೆ. ದಾರಿ ಇನ್ನೂ ತೆರೆದಿದೆ ಎಂದು ಹೇಳುವುದಕ್ಕೆ ಬರುವುದು ಅದು. ಅದೂ ನಿಂತರೆ ಮಾತ್ರ ಮಣೆ ಕೆಟ್ಟಿದೆ. ಪಟ್ಟಿ ಒರೆಸುವಾಗ ದಿನವೂ ನೋಡಿದ್ದೇನೆ.”

ಅರಸ ಸಿಂಹಾಸನದಲ್ಲಿ ಮುಂದಕ್ಕೆ ಬಾಗಿದ.

“ಸರಿ” ಎಂದು ರಾಜಕುಮಾರಿ ಎರಡನೆಯದನ್ನು ಕೇಳಿದಳು: “ಮೊದಲ ಸಲ ಮನೆಯಷ್ಟು ದೊಡ್ಡ ಗಂಟು ಹೊತ್ತು ಬರುತ್ತಾಳೆ. ಆಮೇಲೆ ಬಂದಾಗೆಲ್ಲ ಒಂದೊಂದು ಚಿಟಿಕೆ ತರುತ್ತಾಳೆ. ಆದರೂ ಮನೆಯಲ್ಲಿ ಏನೂ ಕಡಿಮೆಯಿಲ್ಲ. ಯಾರವಳು?”

ಹಿಂದಿನಿಂದ ಯಾರೋ “ಸಿರಿವಂತರ ಮನೆಯ ಸೊಸೆ” ಎಂದು ಪಿಸುಗುಟ್ಟಿ ನಕ್ಕರು.

“ಅದು ಮಣೆಗೆ ಬರುವ ಸುದ್ದಿ” ಎಂದ ಜವರ. “ಆಟ ತೆರೆದ ಕೂಡಲೇ ಇಡೀ ಹಾಸು ಒಮ್ಮೆಗೇ ಬರುತ್ತದೆ: ಯಾವ ಕಾಯಿ ಎಲ್ಲಿದೆ, ಯಾರ ಸರದಿ, ಯಾರಿಗೆಷ್ಟು ಹೊತ್ತು ಉಳಿದಿದೆ ಎಲ್ಲವೂ. ಆಮೇಲೆ ಬರುವುದು ಒಂದೊಂದೇ ನಡೆ. ಮೊದಲಿನದನ್ನು ಇಟ್ಟುಕೊಂಡು ಹೊಸದನ್ನು ಸೇರಿಸಿದರಾಯಿತು. ಅದಕ್ಕೇ ಅರ್ಧ ಆಟ ಕಳೆದ ಮೇಲೆ ಬಂದವರೂ ಏನನ್ನೂ ಕಳೆದುಕೊಳ್ಳುವುದಿಲ್ಲ.”

ರಾಜಕುಮಾರಿ ಮೂರನೆಯದನ್ನು ಕೇಳಿದಳು: “ನನಗೆ ಎಲ್ಲ ಗೊತ್ತು, ನನ್ನ ಒಡೆಯನಿಗೆ ಏನೂ ಗೊತ್ತಿಲ್ಲ. ಆದರೂ ನಾನು ಸರಿಯೋ ತಪ್ಪೋ ಎಂದು ಹೇಳಬೇಕಾದವನು ಅವನೇ. ನಾನು ಯಾರು, ಅವನು ಯಾರು?”

 ಇದು ಜವರ ಪಟ್ಟಿಯಲ್ಲಿ ಕಂಡದ್ದಲ್ಲ. ಒಡೆಯ ಎಂದರೆ ಅರಸ ಎನ್ನೋಣವೆಂದರೆ, ಅರಸನಿಗೆ ಏನೂ ಗೊತ್ತಿಲ್ಲ ಎನ್ನುವಂತಿಲ್ಲ.  ಬೆಣೆ ಕಿತ್ತ ಕಾವಲಿನವನ ಮುಖ ನೆನಪಾಯಿತು. ಪಾಪ, ಓದಿದಂತೆಯೇ ಮಾಡಿದ್ದ.

“ಒಗಟಿನ ‘ನಾನು’ ಕೈಪಿಡಿ, ಅಮ್ಮಣ್ಣಿ. ಒಡೆಯ ಎಂದರೆ ಅದನ್ನು ಮೊದಲ ಸಲ ಓದುವವನು.”

“ಹಾಗಾದರೆ ಬರೆ. ಓದುವವರನ್ನು ನಾನು ಕರೆಸುತ್ತೇನೆ. ಅವರು ಎಡವಿದರೆ ನಿನ್ನ ಉತ್ತರವೂ ಎಡವಿದಂತೆ.”

ಜವರ ಎರಡು ದಿನ ಕೂತು ಐದು ಓಲೆ ಬರೆದ. ರಾಜಕುಮಾರಿ ಅಡುಗೆಮನೆಯಿಂದ ಪುಟ್ಟತಾಯಿಯನ್ನು ಕರೆಸಿದಳು. ಅಕ್ಷರ ಕೂಡಿಸಿ ಓದಬಲ್ಲವಳು. ಹಜಾರಕ್ಕೆ ಎಂದೂ ಕಾಲಿಟ್ಟವಳಲ್ಲ.

“ನನ್ನ ಕೈಯೆಲ್ಲ ಹಿಟ್ಟು” ಎಂದಳು ಅವಳು. ಮೊದಲನೆಯ ಓಲೆಯಲ್ಲಿ ‘ಕೈ ತೊಳೆದುಕೊಳ್ಳಿ’ ಎಂದೇ ಇತ್ತು.

ಬೆರಳಿಟ್ಟು ಓದಿ ಬೆಣೆ ಹಾಕಿದಳು. ಹಾಸು ಬೆಳಗಿತು, ಕಾಯಿಗಳೆಲ್ಲ ಒಮ್ಮೆಗೇ ಮೂಡಿದವು. ನಾಲ್ಕು ನಡೆ ಬಂದವು. ಆಮೇಲೆ ಏನೂ ಇಲ್ಲ. ಪುಟ್ಟತಾಯಿ ಕಾದಳು. ಅರಸ ಕತ್ತಿಯ ಹಿಡಿ ತಡವಿದ. “ಕೆಟ್ಟುಹೋಯಿತೇನೋ” ಎನ್ನುತ್ತ ಅವಳು ಬೆಣೆಗೆ ಕೈ ಹಾಕಿದಳು. ಜವರ ಹೇಳಿಕೊಡುವಂತಿರಲಿಲ್ಲ.

ಬೆಣೆ ಹಿಡಿದೇ ಅವಳು ನಾಲ್ಕನೆಯ ಓಲೆ ನೋಡಿದಳು. ನಿಧಾನವಾಗಿ ಓದಿದಳು: “ಪಟ್ಟಿ… ಮಿನುಗುತ್ತಿದ್ದರೆ… ಬೆಣೆ ಮುಟ್ಟಬೇಡಿ. ಅಲ್ಲಿ ಯಾರೋ ಯೋಚಿಸುತ್ತಿದ್ದಾರೆ.”

ಪಟ್ಟಿ ಮಿನುಗಿತು. ಅವಳು ಕೈ ತೆಗೆದಳು. “ಯೋಚಿಸಲಿ ಬಿಡಿ, ನನಗೇನು ಅವಸರ” ಎಂದು ಅಲ್ಲೇ ಕೂತಳು.

ಸ್ವಲ್ಪ ಹೊತ್ತಿನ ಮೇಲೆ ದೂರದೇಶದ ಕುದುರೆಯೊಂದು ಎರಡು ಮನೆ ಹಾರಿ ಪಕ್ಕಕ್ಕೆ ಇಳಿಯಿತು.  ಅರಸ ಕತ್ತಿ ಬಿಚ್ಚಿ ಭಟನ ಕೈಗೆ ಕೊಟ್ಟ. “ನಾಗದೇವಜ್ಜ ಪಕ್ಕದಲ್ಲಿ ನಿಂತು ಹೇಳಿದ ಹಾಗೇ ಇದೆ” ಎಂದಳು ರಾಜಕುಮಾರಿ. ಅವಳ ಕಣ್ಣು ಒದ್ದೆಯಾಗಿತ್ತು.

“ಏನು ಬೇಕು, ಕೇಳು” ಎಂದ ಅರಸ.

“ಸೆರೆಯಲ್ಲಿರುವ ಇಬ್ಬರ ತಲೆ, ಬುದ್ಧಿ. ಅವು ಅವರವರ ಹೆಗಲ ಮೇಲೇ ಇರಲಿ.”

ಅರಸ ಅವರನ್ನು ಬಿಟ್ಟ. ಕೇಳದಿದ್ದರೂ ಮಣೆಯ ಮೇಲ್ವಿಚಾರಣೆಯನ್ನು ಜವರನಿಗೇ ಒಪ್ಪಿಸಿದ.

ಸೆರೆಮನೆಯ ಬಾಗಿಲಲ್ಲಿ ತಾಯಮ್ಮ ಬುತ್ತಿ ಹಿಡಿದು ನಿಂತಿದ್ದಳು. ಗಡ್ಡ ಬೆಳೆದಿದ್ದ ರೇಚಣ್ಣ ಹೊರಗೆ ಬಂದು ಒಂದು ತುತ್ತು ನುಂಗಿ ಭಾವಮೈದುನನನ್ನು ನೋಡಿದ.

“ಅಲ್ಲ ಕಣೋ, ಉತ್ತರ ನಿನಗೆ ಗೊತ್ತಿತ್ತಲ್ಲ. ನಾನು ಹೋಗುವ ಮೊದಲೇ ಹೇಳಬಾರದಿತ್ತೇ?”

“ನೀವು ಕೇಳಲಿಲ್ಲವಲ್ಲ, ಭಾವ” ಎಂದ ಜವರ.

ತಾಯಮ್ಮ ಗಂಡನ ಕೈಗೆ ಇನ್ನೊಂದು ತುತ್ತು ಹಾಕಿದಳು.