ಪೂರ್ಣವಾಗದ ಪಂಕ್ತಿ

ಮೊದಲೇ ಕ್ಷಮೆ ಕೇಳುತ್ತೇನೆ. ಮಹಾತ್ಮರ ವಿಷಯ ಬರೆದು ನನಗೆ ರೂಢಿಯಿಲ್ಲ, ಇದೇ ಮೊದಲು. ಹೇಳುವುದು ಹಿಂದುಮುಂದಾದೀತು. ಅದರ ಮೇಲೆ, ಪೂಜ್ಯ ನಿರ್ವಾಣಲಿಂಗ ಸ್ವಾಮಿಗಳು ಸಿಟ್ಟಾದ ಪ್ರಸಂಗವನ್ನೇ ಆರಿಸಿಕೊಂಡಿದ್ದೇನೆ. ಸಂತರಿಗೆ ಸಿಟ್ಟು ಬರುತ್ತದೆಯೇ ಎಂದು ಕೇಳುವಿರಿ. ಬರುತ್ತದೆ. ತಮಗಾಗಿ ಅಲ್ಲ, ಇನ್ನೊಬ್ಬರಿಗಾಗಿ.

ಅಂದು ಪೂಜ್ಯರು ದೀರ್ಘ ಸಂಚಾರ ಮುಗಿಸಿ ಕರಿಗುಡ್ಡದ ಮಠಕ್ಕೆ ಮರಳಿದ್ದರು. ಪಡಸಾಲೆಯಲ್ಲಿ ಗೋಣಿತಟ್ಟಿನ ಮೇಲೆ ಕುಳಿತು, ಪ್ರಸಾದಕ್ಕೆಂದು ಪುಂಡಿಪಲ್ಲೆಯ ಸೊಪ್ಪು ಸೋಸುತ್ತಿದ್ದರು. ಎದುರಿನ ಗುಡ್ಡದಲ್ಲಿ ಕಲ್ಲುಗಣಿ. ಅಲ್ಲಿ ಕಲ್ಲು ಒಡೆಯುವ ಹೆಂಗಸರ ಮಕ್ಕಳು ಜಲ್ಲಿಯ ರಾಶಿಯಲ್ಲೇ ಬೆಳೆಯುವುದನ್ನು ನೋಡಲಾರದೆ ಪೂಜ್ಯರು ಮಠದ ಪಕ್ಕದಲ್ಲಿ ಬಾಲವಾಡಿ ತೆರೆಸಿದ್ದರು. ಬಾಲವಾಡಿ ಎಂದರೆ, ಇನ್ನೂ ಶಾಲೆಯ ವಯಸ್ಸಾಗದ ಮಕ್ಕಳು ಆಡುತ್ತ ಕಲಿಯುವ ಜಾಗ. ಕೋಣೆ ಕಟ್ಟಿಸಿಕೊಟ್ಟವರು ಗಣಿಯ ಮಾಲೀಕರಾದ ಅಂದಾನಪ್ಪ ಸಾಹುಕಾರರು. ನುಣುಪಾದ ನೆಲ, ಬಣ್ಣದ ಗೋಡೆ, ಬಾಗಿಲಿಗೆ ಕಬ್ಬಿಣದ ಗೇಟು. ಒಳ್ಳೆಯ ಕೆಲಸವೇ. ಆದರೆ ಪೂಜ್ಯರು ಊರಲ್ಲಿಲ್ಲದಾಗ ಸಾಹುಕಾರರೊಂದು ನಿಯಮ ಮಾಡಿದ್ದರು: ತಾಯಂದಿರು ಮಗುವನ್ನು ಗೇಟಿನಲ್ಲೇ ಬಿಟ್ಟು ಹೋಗಬೇಕು, ಒಳಗೆ ಕಾಲಿಡಕೂಡದು.

ಗಣಿಯಲ್ಲಿ ಕೂಲಿ ಮಾಡುವ ಹುಲಿಗೆವ್ವ ಅಳುತ್ತ ಬಂದು ಪೂಜ್ಯರ ಮುಂದೆ ಕುಳಿತಳು.

"ಯಪ್ಪಾ, ನಾಳಿಂದ ಕೂಸಿನ್ನ ಕರಕೊಂಡು ಬರಬ್ಯಾಡ ಅಂದಾರ್ರಿ. ದಿನಾ ಅಳತೈತಿ, ಬಾಯೇ ಬಿಡಂಗಿಲ್ಲ, ಮೂಗಿ ಐತಿ ಅಂತಾರ್ರಿ. ಮನ್ಯಾಗ ನೋಡಿದ್ರ ಗುಬ್ಬಿಯಂಗ ಮಾತಾಡತೈತಿ. ಇಲ್ಲಿ ಬಿಡಿಸಿದ್ರ ಮತ್ತ ಕಲ್ಲಾಗ ಕುಂದ್ರಸಬೇಕು. ಹಿರೇ ಮಗನ ಕಣ್ಣಿಗೆ ಅಲ್ಲೇ ಚೂರು ಸಿಡದು ಕಣ್ಣು ಹೋಗೈತಿ, ಯಪ್ಪಾ."

ಪೂಜ್ಯರು ಸೊಪ್ಪು ಬಿಟ್ಟು ಎದ್ದು ನೇರವಾಗಿ ಬಾಲವಾಡಿಗೆ ನಡೆದರು.

ಮಧ್ಯಾಹ್ನದ ಊಟದ ಹೊತ್ತು. ಒಳಗೆ ಮಕ್ಕಳ ಪಂಕ್ತಿ ಕುಳಿತಿತ್ತು, ಅಂದಾನಪ್ಪನವರು ನಿಂತು ಬಡಿಸುತ್ತಿದ್ದರು. ಗಣಿಯ ಬಿಡುವಿನಲ್ಲಿ ಓಡಿಬಂದ ತಾಯಂದಿರು ಹೊರಗೆ ಬಿಸಿಲಲ್ಲಿ ಗೇಟಿನ ಸರಳು ಹಿಡಿದು ತಮ್ಮ ಮಕ್ಕಳನ್ನು ನೋಡುತ್ತಿದ್ದರು. ಹುಲಿಗೆವ್ವನೂ ಹೋಗಿ ಅವರ ಜೊತೆ ನಿಂತಳು. ಪೂಜ್ಯರಿಗಷ್ಟೇ ಗೇಟು ತೆರೆದು ಮತ್ತೆ ಬೀಗ ಬಿತ್ತು; ಅವರು ಒಳಗೆ ಹೋಗಿ ಮಕ್ಕಳ ಸಾಲಿನಲ್ಲೇ ಕುಳಿತರು. ಇಲ್ಲೊಂದು ಮಾತು ಹೇಳಬೇಕು. ನಮ್ಮ ಮಠದ ಪದ್ಧತಿಯಲ್ಲಿ ಎಲ್ಲರಿಗೂ ಬಡಿಸಿ, ಪೂಜ್ಯರು "ಹರ ಹರ" ಎಂದ ಮೇಲೆಯೇ ತುತ್ತು ಎತ್ತಬೇಕು. ಅಂದು ಬಡಿಸಿ ಮುಗಿಯಿತು. ಪೂಜ್ಯರು ಸುಮ್ಮನಿದ್ದರು. ಅನ್ನ ಆರತೊಡಗಿತು.

"ಬುದ್ಧಿ, ಅಪ್ಪಣೆ ಆಗಲಿ. ಕೂಸುಗಳು ಹಸದಾವ," ಎಂದರು ಅಂದಾನಪ್ಪನವರು.

"ನಾನೂ ಹಸದೀನಿ. ಹೊರಗಿನವರೂ ಹಸದಾರ. ಪಂಕ್ತಿ ಪೂರ್ಣ ಆಗಿಲ್ಲ."

ಅಂದಾನಪ್ಪನವರಿಗೆ ಅರ್ಥವಾಯಿತು, ಒಪ್ಪಿಗೆಯಾಗಲಿಲ್ಲ. "ಅವರು ಮೈತುಂಬ ಧೂಳು ಹೊತ್ತು ಬರ್ತಾರ ಬುದ್ಧಿ. ಮಾತೂ ಒರಟು. ಇಲ್ಲಿ ಕಲಿಸಿದ್ದನ್ನ ಸಂಜಿಕೆ ಮನ್ಯಾಗ ಕೆಡಸ್ತಾರ. ಕೂಸು ಸುಧಾರಿಸಬೇಕಂದ್ರ ಅವರಿಂದ ದೂರ ಇರಬೇಕು."

ಪೂಜ್ಯರ ಮುಖ ಕೆಂಪಾಯಿತು.

"ಆ ಧೂಳು ಯಾರ ಗಣೀದು, ಅಂದಾನಪ್ಪ?"

ಬರೆಯುವಾಗ ನನಗೂ ಸಿಟ್ಟು ಬರುತ್ತದೆ. ಆ ಹೆಂಗಸರು ಒಡೆದ ಕಲ್ಲಿನಿಂದ ಮನೆ ಕಟ್ಟುತ್ತೇವೆ, ರಸ್ತೆ ಮಾಡುತ್ತೇವೆ. ಅವರ ಮಕ್ಕಳನ್ನು ಉದ್ಧಾರ ಮಾಡುತ್ತೇವೆಂದು ಎದೆ ಉಬ್ಬಿಸುತ್ತೇವೆ. ಹೆತ್ತವಳೇ ಕೊಳೆ ಎಂದು ಆ ಮಕ್ಕಳಿಗೆ ಕಲಿಸುತ್ತೇವೆ. ಇದಕ್ಕೆ ಧರ್ಮವೆಂಬ ಹೆಸರು ಬೇರೆ!

ಅಂದಾನಪ್ಪನವರು ಸೌಟು ಕೆಳಗಿಟ್ಟರು. ಹೋಗಿ ಗೇಟಿನ ಬೀಗ ತೆಗೆದರು. ತಾಯಂದಿರು ಸೆರಗು ಝಾಡಿಸಿಕೊಂಡು ಅಂಜುತ್ತ ಒಳಗೆ ಬಂದರು. ಹುಲಿಗೆವ್ವನ ಮಗಳು, ಎಲ್ಲರೂ ಮೂಗಿಯೆಂದ ಆ ಕೂಸು, ನೆಲವನ್ನು ಅಂಗೈಯಿಂದ ಒರೆಸಿ ಕೂಗಿತು: "ಯವ್ವಾ, ಇಲ್ಲಿ ಕುಂದ್ರು! ಇದು ನನ್ನ ಜಾಗಾ!"

ಅಂದಾನಪ್ಪನವರು ಪೂಜ್ಯರ ಪಾದಕ್ಕೆ ಬಾಗಿದರು. ಪೂಜ್ಯರು ಕಾಲು ಹಿಂದಕ್ಕೆಳೆದುಕೊಂಡರು. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನನ್ನ ಕಾಲು ಹಿಡೀಬ್ಯಾಡ. ಆಕಿಗೆ ಬಡಸು."

ಸಾಹುಕಾರರು ಬಡಿಸಿದರು. "ಸಾಕ್ರಿ, ಸಾವ್ಕಾರ್ರ," ಎಂದು ಹುಲಿಗೆವ್ವ ಕೈ ಅಡ್ಡ ಹಿಡಿದಳು. ಪಕ್ಕದಾಕೆ ತಿವಿದಳು: "ಹಾಕಿಸ್ಕೋ ಯವ್ವಾ, ಇವರು ನಮಗ ಬಡಸೂದು ಮತ್ಯಾವಾಗೋ!"

ಆಗ ಪೂಜ್ಯರು "ಹರ ಹರ" ಎಂದರು. ಊಟವಾದ ಮೇಲೆ ಮತ್ತೊಂದೇ ಅಪ್ಪಣೆ: "ನಾಳಿಂದ ಗಣೀ ಕೆಲಸ ಒಂದು ತಾಸು ತಡಾ ಶುರು ಆಗಲಿ. ಕೂಲಿ ಹಿಡೀಬ್ಯಾಡ. ಆ ತಾಸು ತಾಯಿ ಕೂಸು ಇಬ್ಬರೂ ಇಲ್ಲಿ ಕೂಡಿ ಕಲೀಲಿ."

ಮರುದಿನ ಗಣಿ ತಡವಾಗಿ ಶುರುವಾಯಿತು. ಅಂದಾನಪ್ಪನವರು ಗೇಟನ್ನು ತಾವೇ ನಿಂತು ಕೀಳಿಸಿದರು. ಪೂಜ್ಯರು ಲಿಂಗೈಕ್ಯರಾಗಿ ವರ್ಷಗಳಾದವು. ಈಗ ಮುದುಕರಾದ ಅಂದಾನಪ್ಪನವರು ಇಂದಿಗೂ ಬೆಳಿಗ್ಗೆ ಬಂದು ನೆಲದ ಮೇಲೆ ಕೂರುತ್ತಾರೆ, ತಾಯಂದಿರು ಹೇಳಿಕೊಡುವ ಹಾಡಿಗೆ ಮಕ್ಕಳೊಂದಿಗೆ ತಪ್ಪುತಪ್ಪಾಗಿ ಚಪ್ಪಾಳೆ ತಟ್ಟುತ್ತಾರೆ. ಬಾಲವಾಡಿಯ ಕೆಲಸಕ್ಕಿರುವ ನನಗೆ ಈ ಪ್ರಸಂಗವನ್ನು ಹೇಳಿದವರೂ ಅವರೇ.

ಇದರ ತಾತ್ಪರ್ಯವನ್ನು ಬಿಡಿಸಿ ಹೇಳದಿದ್ದರೆ ತಪ್ಪಾಗುತ್ತದೆ. ಪಂಕ್ತಿ ಎಂದರೆ ಬರಿಯ ಊಟದ ಸಾಲಲ್ಲ. ಮಗುವಿಗೆ ಕಲಿಸುವುದೆಂದರೆ, ಮೊದಲು ಆ ಮಗುವಿನ ತಾಯಿಯನ್ನು...

ಅಂದಾನಪ್ಪನವರು ಕೂಗುತ್ತಿದ್ದಾರೆ: "ಏ ತಮ್ಮಾ, ಬರಿಯೂದು ಸಾಕು ಮಾಡು! ತಾಯಂದಿರು ಬಂದ್ರು, ಚಾಪಿ ಹಾಸು ಬಾ!"