ಬೆರಳಿನ ಬುಟ್ಟಿ

ವರದಾ ನದಿಯ ದಂಡೆಯ ಮೇಲೆ ರೇವಣಯ್ಯ ಗುರುಗಳ ಆಶ್ರಮವಿತ್ತು. ಆಶ್ರಮವೆಂದರೆ ನಾಲ್ಕು ಹುಲ್ಲಿನ ಗುಡಿಸಲು, ಒಂದು ಹೊಂಗೆ ಮರ, ಮರದ ಕೆಳಗೊಂದು ಕಲ್ಲಿನ ಕಟ್ಟೆ. ಗಾಯವಾದವರು, ಮುಳ್ಳು ಮುರಿದವರು, ಕುರುವೆದ್ದು ನರಳುವವರು ಎಲ್ಲರೂ ಆ ಕಟ್ಟೆಗೇ ಬರುತ್ತಿದ್ದರು.

ಗುರುಗಳ ಹತ್ತಿರ ಏಳು ವರ್ಷದಿಂದ ಒಬ್ಬ ಶಿಷ್ಯನಿದ್ದ. ಕಂಚುಗಾರರ ಮಗ, ಹೆಸರು ಮೌನೇಶ. ಹೆಸರಿಟ್ಟವರಿಗೆ ಮುಂದಿನದು ಗೊತ್ತಿರಲಿಲ್ಲ, ಪಾಪ. ಅವನ ಬಾಯಿಗೆ ಬಿಡುವು ಸಿಗುತ್ತಿದ್ದದ್ದು ಊಟದ ಹೊತ್ತಿನಲ್ಲಿ ಮಾತ್ರ.

ಅವನಿಗಿದ್ದದ್ದು ಒಂದೇ ಆಸೆ. ಗುರುಗಳು ಗಾಯ ಕೊಯ್ಯುವ ಕತ್ತಿಗಳನ್ನಿಟ್ಟ ಪೆಟ್ಟಿಗೆ ತನ್ನ ಕೈಗೆ ಬರಬೇಕು. ಏಳು ವರ್ಷ ಬೇರು ಅರೆದಿದ್ದ, ಬಟ್ಟೆ ಕುದಿಸಿದ್ದ, ರೋಗಿಗಳ ಕಾಲು ಹಿಡಿದಿದ್ದ. ಪೆಟ್ಟಿಗೆಯನ್ನು ಮಾತ್ರ ಗುರುಗಳು ಮುಟ್ಟಗೊಡುತ್ತಿರಲಿಲ್ಲ.

ಹಾಗೆಂದು ಅವನು ಕೈಕಟ್ಟಿ ಕೂತವನಲ್ಲ. ಅಪ್ಪನ ಕುಲುಮೆಯಲ್ಲಿ ಹನ್ನೆರಡು ತಾಮ್ರದ ಕೊಳವೆ ಮಾಡಿಕೊಂಡು ಬಂದಿದ್ದ. ಮೊದಲನೆಯದು ಗರಿಕೆ ಕಡ್ಡಿಯಷ್ಟು ಸಪೂರ, ಹನ್ನೆರಡನೆಯದು ಹೆಬ್ಬೆರಳಿನಷ್ಟು ದಪ್ಪ.

“ಗಾಯದೊಳಗ ಮೊದಲು ಕೊಳವಿ ಇಳಿಸೂದು. ಮುರಿದದ್ದನ್ನ ಅದರೊಳಗಿಂದ ಎಳಿಯೂದು. ಮಾಂಸಕ್ಕ ಒಂದು ಗೀರೂ ಬೀಳೂದಿಲ್ಲ” ಎಂದು ಅವನು ಕಂಡಕಂಡವರಿಗೆಲ್ಲ ಹೇಳಿದ್ದ.

ಗುರುಗಳು ಹನ್ನೆರಡನ್ನೂ ಒಂದೊಂದಾಗಿ ಎತ್ತಿ ನೋಡಿದ್ದರು. “ಚಂದ ಅದಾವ” ಎಂದಿದ್ದರು. ಅಷ್ಟೇ.

ಒಂದು ದಿನ ಬೆಳಿಗ್ಗೆ ಅಂಬಿಗರ ಗುತ್ಯಪ್ಪನನ್ನು ನಾಲ್ಕು ಜನ ಅವನದೇ ದೋಣಿಯ ಹಲಗೆಯ ಮೇಲೆ ಹೊತ್ತು ತಂದರು. ಹಿಂದಿನ ದಿನ ಬಂಡೆಗೆ ತಾಗಿ ದೋಣಿ ನೂಕುವ ಗಳ ಮುರಿದಿತ್ತು. ಬಿದಿರಿನ ಸಿಬಿರು ತೊಡೆಗೆ ಹೊಕ್ಕು ಒಳಗೇ ಉಳಿದಿತ್ತು. ತೊಡೆ ಊದಿಕೊಂಡು ಗಾಯದ ಬಾಯಿ ಎಳ್ಳಿನಷ್ಟಾಗಿತ್ತು.

“ಆ ಗಳ ಮೂವತ್ತು ವರ್ಷ ನನ್ನ ಕೈಯಾಗ ಇತ್ತು ಗುರುಗಳೇ” ಎಂದ ಗುತ್ಯಪ್ಪ. “ನಿನ್ನೆ ಅದಕ್ಕ ನನ್ನ ಕಾಲಾಗ ಕುಂದ್ರೂಣು ಅನ್ನಿಸ್ತು.”

ಗುರುಗಳು ನಕ್ಕರು. ಆಮೇಲೆ ತೊಡೆಯನ್ನು ಒತ್ತಿ ನೋಡಿ ನಗು ನಿಲ್ಲಿಸಿದರು.

“ಪಕ್ಕದಾಗ ದೊಡ್ಡ ನಾಳ ಐತಿ. ಅಗಲಕ್ಕ ಕೊಯ್ದರ ಕಾಲು ಉಳಿಯೂದು ಕಷ್ಟ. ಹಂಗೇ ಬಿಟ್ಟರ ಜೀವ ಉಳಿಯೂದು ಕಷ್ಟ.”

ಗುತ್ಯಪ್ಪನ ಮುಖ ಬಾಡಿತು. “ಕುಂತು ದೋಣಿ ನಡೆಸಾಕ ಬರೂದಿಲ್ರಿ” ಎಂದ, ಸಣ್ಣ ದನಿಯಲ್ಲಿ.

“ಮೌನೇಶ, ನಿನ್ನ ಕೊಳವಿ ತಾ.”

ಏಳು ವರ್ಷ ಕಾದ ಮಾತು ಅದು. ಮೌನೇಶ ಓಡಿದ, ಓಡಿ ಬಂದ. ಮೊದಲ ಕೊಳವೆ ಸಲೀಸಾಗಿ ಇಳಿಯಿತು. ಎರಡನೆಯದು ಇಳಿಯಿತು. ಮೂರನೆಯದಕ್ಕೆ ಗುತ್ಯಪ್ಪ ಹಲ್ಲು ಕಚ್ಚಿದ. ನಾಲ್ಕನೆಯದನ್ನು ಒತ್ತಿದಷ್ಟೂ ಮಾಂಸ ಬಿಗಿಯಿತು.

ಮೌನೇಶ ಬೆವರು ಒರೆಸಿಕೊಂಡ. “ಒಳಗ ಹೋಗೋ ಕೊಳವ್ಯಾಗ ಸಿಬಿರು ಹಿಡಿಯೂದಿಲ್ಲ. ಸಿಬಿರು ಹಿಡಿಯೋ ಕೊಳವಿ ಒಳಗ ಹೋಗೂದಿಲ್ಲ. ಕತ್ತಿ ಕೊಡ್ರಿ ಗುರುಗಳೇ. ಬಾಯಿ ಸ್ವಲ್ಪ ದೊಡ್ಡದು ಮಾಡ್ತೇನಿ.”

“ಎಷ್ಟು ದೊಡ್ಡದು?”

“ಹನ್ನೆರಡನೇದು ಹೋಗೋವಷ್ಟು. ಆಮೇಲೆ ತಾಪತ್ರಯ ಇರೂದಿಲ್ಲ.”

ಗುತ್ಯಪ್ಪ ತಲೆಯೆತ್ತಿ ಹನ್ನೆರಡನೆಯ ಕೊಳವೆಯನ್ನು ನೋಡಿದ. “ಅದರಾಗ ನಮ್ಮ ದೋಣೀನೂ ಹೋಗ್ತೈತಿ ತಗೀರಿ.”

ಕಟ್ಟೆಯ ತುದಿಯಲ್ಲಿ ಮೇದಾರ ಕೆಂಚವ್ವ ತನ್ನ ಬುಟ್ಟಿ ಮೊರಗಳ ಜೊತೆ ಕೂತಿದ್ದಳು. ಕೊಯ್ದುಕೊಂಡ ಹೆಬ್ಬೆರಳಿಗೆ ಲೇಪ ಹಚ್ಚಿಸಿಕೊಳ್ಳಲು ಬಂದಿದ್ದ ಮುದುಕಿ. “ಉಗುರಾಗ ಹೋಗೂದಕ್ಕ ಕೊಡ್ಲಿ ತಗೊಂಡ್ರಂತ” ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಎಲ್ಲರಿಗೂ ಕೇಳಿಸಿತು.

ಗುರುಗಳು ಗುತ್ಯಪ್ಪನಿಗೆ ಕಷಾಯ ಕುಡಿಸಿ, ಬಾವು ಇಳಿಯಲು ಲೇಪ ಹಚ್ಚಿದರು. ಮಧ್ಯಾಹ್ನದವರೆಗೆ ಲೇಪ ಇರಬೇಕಿತ್ತು. ಆಮೇಲೆ ಕೆಂಚವ್ವನ ಬುಟ್ಟಿಗೆ ಕೈಹಾಕಿ ಒಂದು ಆಟಿಕೆ ತೆಗೆದರು. ತಾಳೆಗರಿಯಲ್ಲಿ ಹೆಣೆದ ಬೆರಳುದ್ದದ ಕೊಳವೆ, ಎರಡೂ ಕಡೆ ಬಾಯಿ. ಅದಕ್ಕೆ ಬೆರಳಿನ ಬುಟ್ಟಿ ಎನ್ನುತ್ತಾರೆ. ಮಕ್ಕಳಿಗೆಂದು ಕೆಂಚವ್ವ ಹೆಣೆಯುತ್ತಿದ್ದಳು.

“ತೋರುಬೆರಳು ಎರಡೂ ಚಾಚು” ಎಂದರು ಗುರುಗಳು.

ಮೌನೇಶ ಚಾಚಿದ. ಗುರುಗಳು ಒಂದು ಬಾಯಿಗೆ ಎಡಗೈ ಬೆರಳನ್ನೂ ಇನ್ನೊಂದಕ್ಕೆ ಬಲಗೈ ಬೆರಳನ್ನೂ ತೂರಿಸಿದರು.

“ಇದನ್ನ ಹರಿಯದಂಗ ಬಿಡಿಸ್ಕೊ. ಅಲ್ಲೀತನಕ ಕತ್ತಿ ಮಾತು ಬ್ಯಾಡ.”

ಇಷ್ಟು ಹೇಳಿ ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಹೊಳೆಗೆ ಸ್ನಾನಕ್ಕೆ ಹೋದರು.

ಮೌನೇಶ ಎಳೆದ. ಬುಟ್ಟಿ ಬಿಗಿಯಿತು. ಜೋರಾಗಿ ಎಳೆದ. ಇನ್ನೂ ಬಿಗಿಯಿತು. ನೀರಲ್ಲಿ ಅದ್ದಿ ಎಳೆದ. ಕಾಲಿನ ಹೆಬ್ಬೆರಳು ಸಿಕ್ಕಿಸಿ ಎಳೆಯಲು ಹೋಗಿ ಹಿಂದಕ್ಕೆ ಉರುಳಿದ. ಮೂಗಿನ ಮೇಲೆ ನೊಣ ಕೂತಿತು, ಓಡಿಸಲು ಪುರಸೊತ್ತಿನ ಕೈ ಒಂದೂ ಇರಲಿಲ್ಲ.

“ನಗಸಬ್ಯಾಡೋ ಮಾರಾಯ” ಎಂದ ಗುತ್ಯಪ್ಪ. “ನಕ್ಕರ ತೊಡಿ ಜಗ್ತೈತಿ.”

“ನಮ್ಮ ಮೊಮ್ಮಕ್ಕಳು ಬೆಲ್ಲ ಬಾಯಾಗ ಕರಗೂದರೊಳಗ ಬಿಡಿಸ್ಕೊತಾವ” ಎಂದಳು ಕೆಂಚವ್ವ.

“ಹೆಂಗ ಯವ್ವಾ?”

“ಅವಕ್ಕ ಕತ್ತಿ ಬೇಕಾಗಿಲ್ಲ ನೋಡು.”

ಊಟದ ಹೊತ್ತಾಯಿತು. ರೊಟ್ಟಿ ಹಿಡಿದರೆ ಪಲ್ಯ ಬೀಳುತ್ತಿತ್ತು, ಪಲ್ಯ ಬಳಿದರೆ ರೊಟ್ಟಿ ಬೀಳುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯ ಅರ್ಥ ಮೌನೇಶನಿಗೆ ಅಂದು ಪೂರ್ತಿ ತಿಳಿಯಿತು. ಸಿಟ್ಟಿನಿಂದ ತಟ್ಟೆ ನೂಕಿ ಎದ್ದ.

ಆಗ ಅವನ ಕಣ್ಣು ಗುತ್ಯಪ್ಪನ ಮೇಲೆ ಬಿತ್ತು. ಕಷಾಯದ ಮಂಪರಿಗೆ ಅಂಬಿಗ ನಿದ್ದೆಹೋಗಿದ್ದ. ನಿದ್ದೆಯಲ್ಲೂ ಹುಬ್ಬು ಗಂಟಿಕ್ಕಿತ್ತು. ಎದೆಯ ಮೇಲಿದ್ದ ಬಲಗೈ ಗಳ ಹಿಡಿದಂತೆ ಮುಚ್ಚಿತ್ತು.

ಮೌನೇಶನಿಗೆ ನಾಚಿಕೆಯಾಯಿತು. ಬೆಳಗಿನಿಂದ ತಾನು ನೋಡಿದ್ದು ತನ್ನ ಕೊಳವೆ, ತನ್ನ ಕತ್ತಿ, ತನ್ನ ಬೆರಳು. ಈ ಮನುಷ್ಯನ ಕಾಲು ಹೋದರೆ ಅದರ ಜೊತೆ ಅವನ ನದಿಯೂ ಹೋಗುತ್ತದೆ.

ಗುರುಗಳು ಹೊಳೆಯಿಂದ ಬಂದರು. ಮೌನೇಶ ಅವರ ಮುಂದೆ ನಿಂತ.

“ನನ್ನ ಕೈಲೆ ಆಗಲಿಲ್ಲ ಗುರುಗಳೇ. ಕತ್ತಿ ಬ್ಯಾಡ, ಪೆಟ್ಟಿಗಿ ಬ್ಯಾಡ. ಅವರ ಕಾಲು ಒಂದು ಉಳಿಸಿ ಕೊಡ್ರಿ.”

ಹೇಳುತ್ತಾ ಕೈ ಮುಗಿಯಲು ಹೋದ. ಮುಗಿಯಬೇಕೆಂದರೆ ಎರಡು ಕೈ ಹತ್ತಿರ ಬರಬೇಕು. ಬಂದವು. ನಡುವೆ ಸಿಕ್ಕಿದ ಬುಟ್ಟಿ ಮೊಟಕಾಯಿತು, ಮೊಟಕಾಗಿ ದಪ್ಪವಾಯಿತು, ಸಡಿಲವಾಯಿತು. ಬೆರಳಿನಿಂದ ಜಾರಿ ಗುರುಗಳ ಪಾದದ ಹತ್ತಿರ ಬಿತ್ತು.

ಮೌನೇಶ ಬಾಯಿ ತೆರೆದ. ಮಾತು ಬರಲಿಲ್ಲ. ಏಳು ವರ್ಷದಲ್ಲಿ ಅದೇ ಮೊದಲು.

ಬುಟ್ಟಿಯನ್ನು ಎತ್ತಿಕೊಂಡ. ಎಳೆದ, ಸಪೂರವಾಯಿತು. ನೂಕಿದ, ದಪ್ಪವಾಯಿತು. ಮತ್ತೆ ಎಳೆದ, ಮತ್ತೆ ನೂಕಿದ. ತನ್ನ ಕೊಳವೆಗಳತ್ತ ನೋಡಿದ. ಗುತ್ಯಪ್ಪನ ತೊಡೆಯತ್ತ ನೋಡಿದ.

“ಕೆಂಚವ್ವಾ, ಇದನ್ನ ಗರಿಕಿ ಕಡ್ಡಿಯಷ್ಟು ಸಣ್ಣಗ ಹೆಣೀತೀ ಏನು? ಗೇಣುದ್ದ?”

“ತಾಳೆಗರಿ ಬ್ಯಾಡ, ಸೀಳ್ತೈತಿ. ಎಳೇ ಬಿದಿರಿನ ಪದರ ಬಿಡಿಸಿ ಹೆಣೀತೇನಿ.”

ಹೆಬ್ಬೆರಳಿಗೆ ಪಟ್ಟಿ ಕಟ್ಟಿದ್ದರೂ ಮುದುಕಿಯ ಕೈ ಓಡಿತು. ಹೆಣೆದು ಮುಗಿಯುವುದೇ ತಡ, ಮೌನೇಶ ಅರಗಿನ ಕುಡಿಕೆ ಹಿಡಿದುಕೊಂಡು ಬಂದ. “ಮ್ಯಾಲೆ ಒಂದು ಪದರ ಅರಗು ಹಚ್ಚೂಣು. ಗಟ್ಟಿ ಆಗ್ತೈತಿ.”

ಕೆಂಚವ್ವ ಅವನ ಕೈಗೆ ಒಂದೇಟು ಕೊಟ್ಟಳು. “ಗಟ್ಟಿ ಆದ್ರ ಅದು ನಿನ್ನ ಹದಿಮೂರನೇ ಕೊಳವಿ ಆಗ್ತೈತಿ.”

ಅರಗಿನ ಕುಡಿಕೆ ವಾಪಸು ಹೋಯಿತು.

ಹೆಣಿಗೆಯನ್ನು ಬೇವಿನ ನೀರಿನಲ್ಲಿ ಕುದಿಸಿದರು, ತುಪ್ಪ ಸವರಿದರು. ಮೌನೇಶ ಅದನ್ನು ತನ್ನ ಮೊದಲ ಕೊಳವೆಯ ಮೇಲೆ ತೊಡಿಸಿ ಎಳೆದು ಹಿಡಿದ. ಕೊಳವೆಗೂ ಹೆಣಿಗೆಗೂ ನಡುವೆ ಕೂದಲಿನಷ್ಟೂ ಸಂದು ಉಳಿಯಲಿಲ್ಲ. ಗುರುಗಳು ಲೇಪ ಒರೆಸಿದರು, ಅವನು ಮೆಲ್ಲಗೆ ಗಾಯದೊಳಗೆ ಇಳಿಸಿದ.

“ಯಾವಾಗ ಹಾಕ್ತೀ?” ಎಂದ ಅಷ್ಟರಲ್ಲಿ ಎಚ್ಚರವಾಗಿದ್ದ ಗುತ್ಯಪ್ಪ, ಕಣ್ಣು ಮುಚ್ಚಿಕೊಂಡೇ.

“ಹಾಕಿ ಆತು.”

ತಾಮ್ರದ ಕೊಳವೆಯನ್ನು ಹೊರತೆಗೆದ. ಹೆಣಿಗೆ ಒಳಗೆ ಉಳಿಯಿತು. ಹೊರಗಿನ ತುದಿ ಹಿಡಿದು ಸ್ವಲ್ಪ ಸ್ವಲ್ಪವೇ ನೂಕಿದ. ಒಳಗೆ ಅದು ಅರಳುವುದು ಬೆರಳಿಗೆ ತಿಳಿಯುತ್ತಿತ್ತು. ಸಿಬಿರಿನ ತುದಿ ಹೆಣಿಗೆಯ ಬಾಯಿಗೆ ಸಿಕ್ಕಿತು. ಮತ್ತಷ್ಟು ನೂಕಿದ. ಪೂರ್ತಿ ಸಿಬಿರು ಹೆಣಿಗೆಯೊಳಗೆ ಬಂತು.

ಈಗ ಎಳೆದ.

ಬೆಳಿಗ್ಗೆಯೆಲ್ಲ ಅವನ ಬೆರಳನ್ನು ಬಿಡದಿದ್ದ ಆ ಹಟಮಾರಿ ಹೆಣಿಗೆ ಈಗ ಸಿಬಿರನ್ನು ಬಿಡಲಿಲ್ಲ. ಎಳೆದಷ್ಟೂ ಬಿಗಿಯಿತು, ಬಿಗಿದಷ್ಟೂ ಸಪೂರವಾಯಿತು. ಸಿಬಿರಿನ ಕೆದರಿದ ನಾರುಗಳೆಲ್ಲ ಹೆಣಿಗೆಯೊಳಗೇ ಮಲಗಿದವು. ಮೂರು ಹನಿ ರಕ್ತದ ಹಿಂದೆಯೇ ಅದು ಹೊರಗೆ ಬಂತು. ಗಾಯದ ಬಾಯಿ ಹೆಚ್ಚು ಹರಿದಿರಲಿಲ್ಲ.

ಗುತ್ಯಪ್ಪ ಸಿಬಿರನ್ನು ಅಂಗೈಯಲ್ಲಿಟ್ಟುಕೊಂಡು ಹೊತ್ತುಗಟ್ಟಲೆ ನೋಡಿದ. “ಇಷ್ಟೇನಾ? ನಾ ಇಡೀ ಗಳ ಒಳಗ ಐತಿ ಅಂತ ತಿಳಕೊಂಡಿದ್ದೆ.”

ಹದಿನೈದನೆಯ ದಿನ ಅವನು ಹೊಸ ಗಳ ಹಿಡಿದು ದೋಣಿಯ ಮೇಲೆ ನಿಂತ. ಮೊದಲ ಸಲ ದಾಟಿಸಿದ್ದು ಕೆಂಚವ್ವನನ್ನು, ಅವಳ ಬುಟ್ಟಿ ಮೊರಗಳ ಸಮೇತ. ಇತ್ತ ದಂಡೆಯಲ್ಲಿ ನಿಂತು ನೋಡುತ್ತಿದ್ದ ಮೌನೇಶನಿಗೆ ಸಂತೋಷ ತಡೆಯಲಾಗಲಿಲ್ಲ. ಪೆಟ್ಟಿಗೆಯ ನೆನಪು ಹದಿನೈದು ದಿನದಿಂದ ಅವನಿಗೆ ಬಂದೇ ಇರಲಿಲ್ಲ.

ಬೆನ್ನ ಹಿಂದೆ ಗುರುಗಳು ನಿಂತಿದ್ದರು. ಕೈಯಲ್ಲಿ ಪೆಟ್ಟಿಗೆಯಿತ್ತು.

“ತಗೊ” ಎಂದರು.

ಮೌನೇಶ ಎರಡೂ ಕೈಯಲ್ಲಿ ತೆಗೆದುಕೊಂಡ. ಕೂತು, ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆರೆದ. ಕತ್ತಿಗಳು ಸಾಲಾಗಿ ಮಲಗಿದ್ದವು. ಅವುಗಳ ಮೇಲೆ ಒಂದು ಹಳೆಯ ಬೆರಳಿನ ಬುಟ್ಟಿ ಇತ್ತು. ಕಾಲ ಕಳೆದು ಕಪ್ಪಾಗಿತ್ತು, ಎರಡು ಕಡೆ ಎಳೆ ಜಗ್ಗಿತ್ತು.

“ಇದು ಯಾರದು ಗುರುಗಳೇ?”

“ನಂದು. ನೀ ಒಂದು ಹೊತ್ತು ಎಳದಿ, ನಾ ಮೂರು ದಿನ ಎಳದಿದ್ದೆ. ಅದು ಅಲ್ಲೇ ಮ್ಯಾಲೆ ಇರಲಿ. ಕತ್ತಿಗಿಂತ ಮೊದಲು ಅದು ಕೈಗೆ ಸಿಗಬೇಕು.”