ತಗ್ಗಿದ ತಲೆಗಳ ನಾಡು

ಕಡಲಾಚೆಯ ಯುರೋಪಿನಲ್ಲಿ, ಹಿಮ ಹೊದ್ದ ಬೆಟ್ಟಗಳ ಕೆಳಗೆ ಒಂದು ದೊಡ್ಡ ಕಾಡು. ಕಾಡಿನ ನಡುವೆ ಒಂದು ಕೊಳ. ಕೊಳದ ದಂಡೆಯ ಹುಲ್ಲಿನಲ್ಲಿ ಹೆಬ್ಬಾತುಗಳ ಹಿಂಡೊಂದು ಮೇಯುತ್ತಿತ್ತು.

ಹೆಬ್ಬಾತುಗಳು ಮೇಯುವುದನ್ನು ನೋಡಿದ್ದೀರಾ ಮಕ್ಕಳೇ? ಎಲ್ಲವೂ ಒಟ್ಟಿಗೆ ತಲೆ ತಗ್ಗಿಸುವುದಿಲ್ಲ. ಒಂದು ಹಕ್ಕಿ ಮಾತ್ರ ಕೊರಳು ನೀಳ ಮಾಡಿ, ತಲೆ ಎತ್ತಿ, ಸುತ್ತ ನೋಡುತ್ತ ನಿಂತಿರುತ್ತದೆ. ಅದಕ್ಕೆ ಹಸಿವಾದರೆ ಇನ್ನೊಂದು ಬಂದು ಪಾಳಿ ವಹಿಸಿಕೊಳ್ಳುತ್ತದೆ. ಅಪಾಯ ಕಂಡರೆ ಒಂದೇ ಕೂಗು, ಹಿಂಡೆಲ್ಲ ನೀರಿಗೆ! ಆ ಕೂಗನ್ನು ನಂಬಿಕೊಂಡೇ ಮೊಲಗಳೂ ಕಾಡುಕೋಣಗಳೂ ನೆಮ್ಮದಿಯಾಗಿ ಮೇಯುತ್ತಿದ್ದವು.

ಈ ಹಿಂಡಿನಲ್ಲಿ ನೀಳಕ್ಕ ಎಂಬ ಹೆಬ್ಬಾತು ಇದ್ದಳು. ಅವಳ ಮರಿಗಳು ಆಗಷ್ಟೇ ಮೊಟ್ಟೆಯೊಡೆದು ಬಂದಿದ್ದವು. ಮರಿಗಳಿಗೆ ಹಾರಲು ಬರುತ್ತಿರಲಿಲ್ಲ. ಅವಳಿಗೂ ಹಳೆಯ ಗರಿ ಉದುರಿ ಹೊಸದು ಮೂಡುವ ಕಾಲ, ಹಾರುವಂತಿರಲಿಲ್ಲ.

ಕೊಳದ ಪಕ್ಕದ ಗುಡ್ಡದಲ್ಲಿ ಗವಿಯಪ್ಪ ಎಂಬ ಕರಡಿ ಇದ್ದ. ಮೊದಮೊದಲು ಅವನೇನೂ ಅಷ್ಟು ಕೆಟ್ಟವನಲ್ಲ. ಗುಡ್ಡದ ಸುತ್ತಲ ಮರಗಳಿಗೆ ಉಗುರಿನಿಂದ ಗೀರು ಹಾಕಿ, "ಇಷ್ಟು ನನ್ನದು" ಎನ್ನುತ್ತಿದ್ದ. ಕರಡಿಗಳ ಪದ್ಧತಿಯೇ ಹಾಗೆ. ಅವನು ತಪ್ಪು ಮಾಡಿದರೆ ಹೆಬ್ಬಾತುಗಳು ಮುಖದ ಮೇಲೆ ಹೊಡೆದಂತೆ ಹೇಳುತ್ತಿದ್ದವು. ಅವನೂ ಗೊಣಗುತ್ತ ಕೇಳಿಕೊಳ್ಳುತ್ತಿದ್ದ.

ಅಂಥವನ ಕಿವಿ ಕಚ್ಚಲು ಕೆಂಚಯ್ಯ ಎಂಬ ನರಿ ಬಂದ.

"ಪ್ರಭೂ, ಇಷ್ಟು ದೊಡ್ಡ ಉಗುರಿಗೆ ಇಷ್ಟು ಚಿಕ್ಕ ನಾಡೇ?" ಎಂದ ನರಿ. "ಗೀರು ಬಿದ್ದಷ್ಟು ನೆಲ ನಿಮ್ಮದು. ಗೀರಲು ಯಾರಪ್ಪನ ಅಪ್ಪಣೆ ಬೇಕು?"

ಗವಿಯಪ್ಪನಿಗೆ ಈ ಮಾತು ಜೇನಿಗಿಂತ ಸಿಹಿಯಾಯಿತು. ಅವನು ಮರದಿಂದ ಮರಕ್ಕೆ ಗೀರುತ್ತ ಹೋದ. ಬಡಗಣ ನದಿ ಸಿಗುವವರೆಗೂ ನಿಲ್ಲಲಿಲ್ಲ. ಹೆಸರನ್ನೂ ಬದಲಿಸಿಕೊಂಡ. ಇನ್ನು ಮೇಲೆ ಅವನು ಗವಿಯಪ್ಪ ಅಲ್ಲ, ಗವಿರಾಜ.

ದೊಡ್ಡ ನಾಡು ಸಿಕ್ಕಿತು, ನಿದ್ದೆ ಹೋಯಿತು. ಈ ತುದಿಯಲ್ಲಿದ್ದರೆ ಆ ತುದಿಯ ಚಿಂತೆ. ಅಲ್ಲಿನ ಪ್ರಾಣಿಗಳ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಅವು ಏನು ಮಾತಾಡಿಕೊಳ್ಳುತ್ತವೋ, ಯಾವಾಗ ತಿರುಗಿ ಬೀಳುತ್ತವೋ ಎಂದು ದೊರೆಗೆ ಒಳಗೊಳಗೇ ಪುಕುಪುಕು.

"ದೂರದವರು ಹೆದರಬೇಕು ಎಂದರೆ ಹತ್ತಿರದವರು ಮೊದಲು ನಡುಗಬೇಕು ಪ್ರಭೂ," ಎಂದ ಕೆಂಚಯ್ಯ.

ಒಂದು ಮಧ್ಯಾಹ್ನ ಗವಿರಾಜ ಬಂಡೆಯ ಮೇಲೆ ತೂಕಡಿಸುತ್ತಿದ್ದ. ಆಕಾಶದಲ್ಲಿ ಹದ್ದು ಕಂಡಿತು. ಪಾಳಿಯ ಹೆಬ್ಬಾತು ಕೂಗಿತು. ದೊರೆ ಬೆಚ್ಚಿಬಿದ್ದು ಬಂಡೆಯಿಂದ ಉರುಳಿ ಕೆಸರಿಗೆ ದೊಪ್ಪನೆ ಬಿದ್ದ. ಯಾವುದೋ ಮೊಲ ಕಿಸಕ್ಕನೆ ನಕ್ಕಿತು.

"ನಕ್ಕವರನ್ನು ಬಿಡಿ ಪ್ರಭೂ," ನರಿ ಕೆಸರು ಒರೆಸುತ್ತ ಪಿಸುಗುಟ್ಟಿದ. "ಆ ಬಾತನ್ನು ನೋಡಿ. ನಿಮ್ಮ ಎದುರಿಗೇ ತಲೆ ಎತ್ತಿ ನಿಂತಿದೆ! ಇವತ್ತು ಒಂದು ತಲೆ ಎತ್ತಿದೆ. ನಾಳೆ?"

ಗವಿರಾಜ ಎರಡು ಕಾಲ ಮೇಲೆ ನಿಂತು ಗರ್ಜಿಸಿದ. "ಕೇಳಿ! ನನ್ನ ನಾಡಿನಲ್ಲಿ ಇನ್ನು ಯಾರೂ ತಲೆ ಎತ್ತಕೂಡದು! ಯಾರೂ ಕೂಗಕೂಡದು!"

ನೀಳಕ್ಕ ಮುಂದೆ ಬಂದಳು. "ಅದು ನಿನ್ನ ಮೇಲೆ ತಲೆ ಎತ್ತಿದ್ದಲ್ಲ ಮಾರಾಯ. ಕಾವಲಿಗೆ ಎತ್ತಿದ್ದು. ನಮ್ಮ ಅಜ್ಜಂದಿರ ಕಾಲದಿಂದ ಬಂದ ಪದ್ಧತಿ."

"ಎತ್ತಿದ ತಲೆ ಎತ್ತಿದ ತಲೆಯೇ," ಎಂದ ದೊರೆ.

ಮಾರನೆಯ ದಿನ ನೀಳಕ್ಕನ ಗಂಡನ ಪಾಳಿ. ಹುಲ್ಲು ಸರಕ್ಕೆಂದಿತು. ಅಭ್ಯಾಸ ಬಿಟ್ಟೀತೇ? ಅವನು ಕೊರಳು ಎತ್ತಿದ. ಕರಡಿಯ ಪಂಜದ ಒಂದೇ ಹೊಡೆತ. ಮತ್ತೆ ಅವನು ಏಳಲಿಲ್ಲ.

ಅಂದಿನಿಂದ ಕಾಡು ತೆಪ್ಪಗಾಯಿತು. ಬೆಟ್ಟದಂಥ ಮೈಯ ಕಾಡುಕೋಣಗಳೂ ಮೂತಿಯನ್ನು ನೆಲಕ್ಕೆ ಒತ್ತಿಕೊಂಡೇ ನಡೆದವು. ಅವುಗಳ ಹಿರಿಯ ಕೊಂಬಣ್ಣ ನೀಳಕ್ಕನನ್ನು ಸಮಾಧಾನ ಮಾಡಲು ಬಂದವನು ಅವಳ ಮುಖವನ್ನೂ ನೋಡದೆ, ಅವಳ ಪಾದಗಳಿಗೆ ಮಾತಾಡಿ ಹೋದ. ನೀಳಕ್ಕನಿಗೆ ದುಃಖಕ್ಕಿಂತ ಸಿಟ್ಟು ಹೆಚ್ಚಾಯಿತು. ಆದರೆ ಮರಿಗಳ ಮುಖ ನೋಡಿ ನುಂಗಿಕೊಂಡಳು.

"ಎಂಥ ಶಾಂತಿ ನೋಡು ಕೆಂಚಯ್ಯ!" ಎಂದು ಗವಿರಾಜ ಹಿಗ್ಗಿದ. "ಒಂದು ಸದ್ದಿಲ್ಲ."

ಸದ್ದಿಲ್ಲದಿರುವುದನ್ನು ನದಿಯಾಚೆಯ ತೋಳಗಳೂ ಗಮನಿಸಿದ್ದವು. ಒಂದು ದಿನ ಅವು ಈಜಿ ದಡ ಹತ್ತಿದವು. ಗಡಿಯ ಮರಗಳನ್ನು ಮೂಸಿದವು. ಗೀರುಗಳು ಒಣಗಿದ್ದವು, ದೊರೆಯ ವಾಸನೆ ಎಂದೋ ಹಾರಿಹೋಗಿತ್ತು. ದಾರಿಯಲ್ಲಿ ಎಷ್ಟೋ ಪ್ರಾಣಿಗಳು ಅವುಗಳ ಕಾಲುಗಳನ್ನು ಕಂಡವು. ಆದರೆ ತಲೆ ಎತ್ತುವವರು ಯಾರು? ಕೂಗುವವರು ಯಾರು? ತೋಳಗಳು ತಮ್ಮ ಮನೆಯಂಗಳದಲ್ಲಿ ನಡೆದಂತೆ ಕೊಳದವರೆಗೂ ಬಂದವು.

ಸೂರ್ಯ ಇಳಿಯುತ್ತಿದ್ದ. ಗವಿರಾಜ ಹುಲ್ಲಿನ ನಡುವೆ ನಿಂತು ಪ್ರಜೆಗಳ ತಗ್ಗಿದ ತಲೆಗಳನ್ನು ನೋಡಿ ಆನಂದಪಡುತ್ತಿದ್ದ. ನೀಳಕ್ಕ ನೀರಂಚಿಗೆ ಬಗ್ಗಿದ್ದಳು. ಮರಿಗಳು ತುಸು ಮೇಲೆ ಹುಲ್ಲಿನಲ್ಲಿದ್ದವು.

ನೀರಿನಲ್ಲಿ ಆಕಾಶ ಕಂಡಿತು, ಜೊಂಡು ಕಂಡಿತು. ಜೊಂಡಿನ ನಡುವೆ ತಲೆಕೆಳಗಾದ ಒಂದು ಮುಖ ಕಂಡಿತು. ಚೂಪು ಕಿವಿ, ಹಳದಿ ಕಣ್ಣು. ಅದರ ಪಕ್ಕದಲ್ಲಿ ಇನ್ನೊಂದು. ಅದರ ಹಿಂದೆ ಮತ್ತೊಂದು.

ಕೂಗಿದರೆ ಕರಡಿಯ ಪಂಜ, ಕೂಗದಿದ್ದರೆ ಮರಿಗಳು ತೋಳದ ಬಾಯಿಗೆ. ಗಂಡ ಬಿದ್ದ ಜಾಗ ಕಣ್ಣೆದುರೇ ಇತ್ತು. ಕೊರಳು ಮೇಲೇಳಲು ಒಲ್ಲೆ ಎಂದಿತು. ಅಷ್ಟರಲ್ಲಿ ಒಂದು ಮರಿ, ಏನೂ ಅರಿಯದ್ದು, ಚಿಂವ್ ಚಿಂವ್ ಎನ್ನುತ್ತ ಜೊಂಡಿನ ಕಡೆಗೆ ಹೆಜ್ಜೆ ಹಾಕಿತು.

ನೀಳಕ್ಕ ತಲೆ ಎತ್ತಿದಳು. "ತೋಳ! ತೋಳ! ಓಡಿ!"

ಕಾಡೆಲ್ಲ ಮಾರ್ದನಿಗೊಟ್ಟಿತು.

"ಯಾರದು ತಲೆ ಎತ್ತಿದ್ದು?" ಗವಿರಾಜ ಜೊಂಡಿನ ಕಡೆ ನೋಡಲೇ ಇಲ್ಲ. ನೆಟ್ಟಗೆ ನೀಳಕ್ಕನ ಮೇಲೆ ನುಗ್ಗಿದ.

"ಹಿಂದೆ ನೋಡು ಗವಿಯಪ್ಪಾ, ಹಿಂದೆ!"

"ಗವಿಯಪ್ಪ ಅಲ್ಲ! ಗವಿರಾ..."

ಮಾತು ಮುಗಿಯಲಿಲ್ಲ. ಒಂದು ತೋಳ ಅವನ ಹಿಂಗಾಲು ಹಿಡಿಯಿತು, ಇನ್ನೊಂದು ಬೆನ್ನಿಗೆ ಹಾರಿತು. ದೊರೆ ನೆಲಕ್ಕುರುಳಿದ. ಕೆಂಚಯ್ಯ ಆಗಲೇ ಕಾಲಿಗೆ ಬುದ್ಧಿ ಹೇಳಿದ್ದ.

"ಕಾಪಾಡಿರೋ! ತಲೆ ಎತ್ತಿ ನೋಡಿರೋ!" ಎಂದು ಕರಡಿ ಅರಚಿದ.

ಯಾರೂ ಎತ್ತಲಿಲ್ಲ. ಹಟದಿಂದಲ್ಲ ಮಕ್ಕಳೇ, ಭಯದಿಂದ. ಎತ್ತಿದವರಿಗೆ ಏನಾಯಿತೆಂದು ಎಲ್ಲರೂ ನೋಡಿದ್ದರಲ್ಲ.

ಮಿಕ್ಕ ತೋಳಗಳು ಮರಿಗಳಿಗೂ ನೀರಿಗೂ ನಡುವೆ ಬಂದು ನಿಂತವು. ನೀಳಕ್ಕ ಓಡಿಬಂದು ಮರಿಗಳ ಮುಂದೆ ನಿಂತು ಬೋಳು ರೆಕ್ಕೆಗಳನ್ನು ಹರಡಿದಳು.

"ಕೊಂಬಣ್ಣಾ! ಬಾರೋ!"

"ಹೆಂಗೆ ಬರಲಿ ನೀಳಕ್ಕ?" ಕಾಡುಕೋಣ ನಡುಗುತ್ತ ಹೇಳಿದ, ಮೂತಿ ಇನ್ನೂ ನೆಲದಲ್ಲೇ. "ತಲೆ ಎತ್ತೋ ಹಾಗಿಲ್ಲವಲ್ಲ!"

"ಎತ್ತಬೇಡ ಕಣೋ! ತಗ್ಗಿಸಿಕೊಂಡೇ ಓಡು! ನಿನ್ನ ಕೊಂಬು ಇರೋದು ಎಲ್ಲಿ?"

ಕೊಂಬಣ್ಣನಿಗೆ ಆ ವಿಚಾರ ಹೊಳೆದೇ ಇರಲಿಲ್ಲ. ಅವನು ಗೊರಸಿನಿಂದ ನೆಲ ಕೆರೆದ. ಅವನ ಪಕ್ಕದ ಕೋಣವೂ ಕೆರೆಯಿತು. ಮುಂದಿನ ಗಳಿಗೆ ಇಡೀ ಹಿಂಡು ತಲೆ ತಗ್ಗಿಸಿ, ಕೊಂಬು ಮುಂದೆ ಮಾಡಿ, ನೆಲ ಗಡಗಡ ನಡುಗುವಂತೆ ನುಗ್ಗಿತು.

ಮುಂದಿದ್ದ ತೋಳ ಕೊಂಬಿಗೆ ಸಿಕ್ಕಿ ಹಾರಿ ಬಿತ್ತು. ಉಳಿದವು ಕರಡಿಯನ್ನೂ ಬಿಟ್ಟು ಕುಂಯ್‌ಗುಡುತ್ತ ಬಾಲ ಮುದುರಿಕೊಂಡು ನದಿಯ ಕಡೆಗೆ ಓಡಿದವು. ನೀಳಕ್ಕ ಮರಿಗಳನ್ನು ದೂಡಿ ದೂಡಿ ನೀರಿಗೆ ಇಳಿಸಿದಳು. ಒಂದೂ ತಪ್ಪಿರಲಿಲ್ಲ. ಅವಳು ಅಲ್ಲೇ ಗಂಡನನ್ನು ನೆನೆದು ಗಟ್ಟಿಯಾಗಿ ಅತ್ತಳು.

ಕರಡಿ ಕುಂಟುತ್ತ ಎದ್ದ. ಮೈಯೆಲ್ಲ ಗಾಯ. ಪ್ರಾಣ ಉಳಿಸಿದವರಿಗೆ ಒಂದು ಒಳ್ಳೆಯ ಮಾತು ಹೇಳಿದನೇ? ಇಲ್ಲ.

"ನನ್ನ ಅಪ್ಪಣೆ ಮೀರಿ ಕೂಗಿದವಳು ಎಲ್ಲಿ?" ಎಂದು ಗುರುಗುಟ್ಟಿದ.

ಕೋಣಗಳು ನಿಂತವು. ಒಂದೊಂದಾಗಿ ಅವನ ಕಡೆಗೆ ತಿರುಗಿದವು.

"ಯಾಕೆ ಹಾಗೆ ನೋಡ್ತೀರಿ?" ಕರಡಿಯ ದನಿ ಅದುರಿತು. "ನಾನು ನಿಮ್ಮ ದೊರೆ! ಅಪ್ಪಣೆ ನೆನಪಿಲ್ಲವೇ?"

"ನೆನಪಿದೆ ದೊರೆ," ಎಂದ ಕೊಂಬಣ್ಣ, ಒಂದು ಹೆಜ್ಜೆ ಮುಂದಿಡುತ್ತ. "ನೀವೇ ನೋಡಿ, ಎಲ್ಲರೂ ತಲೆ ತಗ್ಗಿಸಿಯೇ ಇದ್ದೇವೆ."

ಗವಿಯಪ್ಪ ಆ ತಗ್ಗಿದ ತಲೆಗಳನ್ನು ಮೊದಲ ಬಾರಿ ಸರಿಯಾಗಿ ನೋಡಿದ. ಹಿಂದೆ ಹಿಂದೆ ಸರಿದ. ಆಮೇಲೆ ಬೆನ್ನು ತಿರುಗಿಸಿ ಗುಡ್ಡದಾಚೆಗೆ ಓಡಿದವನು ಮತ್ತೆ ಆ ಕಾಡಿಗೆ ಕಾಲಿಡಲಿಲ್ಲ.

ನೀತಿ: ಹೆದರಿಸಿ ತಗ್ಗಿಸಿದ ತಲೆಯನ್ನು ವಿಧೇಯತೆ ಎಂದು ನಂಬಿದ ದೊರೆಗೆ ಅಪಾಯ ಹೇಳುವವರೂ ಇರುವುದಿಲ್ಲ, ಆ ತಲೆಯಲ್ಲಿ ಕೊಂಬಿರುವುದೂ ಕಾಣುವುದಿಲ್ಲ.